‘ಶಾಹ’ ಎಂಬ ಎರಡು ಅಕ್ಷರ

ವಿಜಾಪುರದಿಂದ ಟಿಕೋಟಾ ಮೇಲೆ ಕಳ್ಳಕವಟಗಿ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತರೆ, ಊರು ದಾಟಿದ ಸ್ವಲ್ಪ ಹೊತ್ತಿಗೆ ತೊರವಿ ಬರುತ್ತದೆ. ಹೊಲಗಳ ನಡುವೆ ಎತ್ತರದ ಕಮಾನುಗಳು, ಅರ್ಧ ಬಿದ್ದ ಗೋಡೆಗಳು. ಎರಡನೆಯ ಇಬ್ರಾಹೀಂ ಆದಿಲಶಾಹ 1599ರಲ್ಲಿ ಕಟ್ಟಿಸಲು ತೊಡಗಿದ ನವರಸಪುರ ಇದು. ಬಸ್ಸಿನಲ್ಲಿ ಯಾರೂ ಆ ಕಡೆ ಕತ್ತೆತ್ತಿ ನೋಡುವುದಿಲ್ಲ. ನಾನು ನೋಡುತ್ತಿದ್ದುದನ್ನು ಕಂಡು ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, ಅಂಗೈಯಲ್ಲಿ ಸುಣ್ಣ ಹಾಕಿ ತಂಬಾಕು ತಿಕ್ಕುತ್ತ, “ಏನೈತ್ರಿ ಅಲ್ಲಿ, ಹಳೇ ಗ್ವಾಡಿ. ಹೊರಗಿನವ್ರು ಬಂದ್ರು, ಕಟ್ಟಿದ್ರು, ಹೋದ್ರು” ಅಂದರು.

ಅವರ ಮಾತಿನಲ್ಲಿ ದ್ವೇಷವೇನೂ ಇರಲಿಲ್ಲ. ಎಲ್ಲರೂ ಹೇಳುವುದನ್ನು ಅವರೂ ಹೇಳಿದರು. ಆದರೆ ಅವರ ಅಂಗೈಯಲ್ಲಿದ್ದ ತಂಬಾಕು ದಕ್ಷಿಣ ಅಮೆರಿಕದ ಗಿಡ. ಕಿಟಕಿಯಾಚೆ ಕಾಣುತ್ತಿದ್ದ ಗೋವಿನಜೋಳ, ಬುತ್ತಿಯಲ್ಲಿದ್ದ ಶೇಂಗಾ ಹಿಂಡಿ, ಅದಕ್ಕೆ ಹಾಕಿದ ಕೆಂಪು ಖಾರ, ಎಲ್ಲವೂ ಅಮೆರಿಕ ಖಂಡದಿಂದ ಸಮುದ್ರ ದಾಟಿ ಬಂದವು. ಬ್ರೆಜಿಲ್, ಅಂಗೋಲಾ, ಮೊಜಾಂಬಿಕ್, ಗೋವಾ ಈ ನಾಲ್ಕೂ ಒಂದು ಕಾಲಕ್ಕೆ ಪೋರ್ಚುಗೀಸರ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಾಗಿದ್ದವು. ಆ ದಾರದ ಒಂದು ತುದಿ ಬಿಜಾಪುರದ ಬಂದರುಗಳಿಗೆ ತಾಗಿತ್ತು. ಇನ್ನು ಈ ಬಯಲಿನಲ್ಲಿ ಕುದುರೆ ಓಡಿಸಿದ ಸರದಾರರಲ್ಲಿ ಎಷ್ಟೋ ಜನ ಆಫ್ರಿಕದ ಅಬಿಸೀನಿಯಾದಿಂದ ಬಂದ ಹಬ್ಶಿಗಳು. ಆಫ್ರಿಕದ ಮನುಷ್ಯ, ದಕ್ಷಿಣ ಅಮೆರಿಕದ ಗಿಡ, ಇರಾನಿನ ಅಕ್ಷರ, ಮರಾಠಿಯ ಲೆಕ್ಕಪತ್ರ, ಕನ್ನಡದ ಹೊಲ ಇವೆಲ್ಲ ಕೂಡಿದ ಜಾಗದಲ್ಲಿ ‘ಹೊರಗಿನವರು’ ಎಂಬ ಮಾತನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ನನಗೆ ಬಗೆಹರಿಯದ ಪ್ರಶ್ನೆ.

ಉರ್ದು ಶಾಲೆಯಲ್ಲಿ ನಮಗೆ ಯೂಸುಫ್ ಆದಿಲಶಾಹ ತುರ್ಕಿಯ ರಾಜಕುಮಾರ ಎಂದು ಹೆಮ್ಮೆಯಿಂದ ಹೇಳಿಕೊಟ್ಟಿದ್ದರು. ಮುಂದೆ ಕನ್ನಡದಲ್ಲಿ ಓದುವಾಗ ಆದಿಲಶಾಹಿ ಎಂದರೆ ತಾಳಿಕೋಟೆ ಕಾಳಗ ಮತ್ತು ಗೋಲಗುಮ್ಮಟ, ಅಷ್ಟಕ್ಕೇ ಮುಗಿಯಿತು. ಈ ರಾಜ್ಯ ಸುಮಾರು ಇನ್ನೂರು ವರ್ಷ ಹೇಗೆ ಉಳಿಯಿತು ಎಂದು ಎರಡೂ ಕಡೆ ಯಾರೂ ಹೇಳಲಿಲ್ಲ. ಉತ್ತರಕ್ಕೆ ದೊರೆಯ ದಳವಾಯಿಯನ್ನಷ್ಟೇ ನೋಡಿದರೆ ಸಾಲದು, ಅವನ ರಾಯಭಾರಿಯನ್ನೂ ನೋಡಬೇಕು. ದಖ್ಖನಿನಲ್ಲಿ ಈ ರಾಯಭಾರಿಗೆ ‘ಹಾಜಿಬ್’ ಎನ್ನುತ್ತಿದ್ದರು.

ಯೂಸುಫ್ ತುರ್ಕಿಯ ಸುಲ್ತಾನ ಎರಡನೆಯ ಮುರಾದನ ಮಗ ಎಂಬ ಕಥೆಯನ್ನು ಬರೆದಿಟ್ಟವನು ಇತಿಹಾಸಕಾರ ಫಿರಿಶ್ತಾ. ಅದನ್ನು ಈಗಿನ ವಿದ್ವಾಂಸರು ಒಪ್ಪುವುದಿಲ್ಲ. ಪೋರ್ಚುಗೀಸರು ಅವನನ್ನು ‘ಸಬಾಯೊ’ ಎಂದು ಕರೆದರು. ಇರಾನಿನ ಸಾವಾ ಎಂಬ ಊರಿನ ಹೆಸರಿನಿಂದ ಅದು ಬಂದಿರಬೇಕು. ಬಹಮನಿ ರಾಜ್ಯ ಒಡೆದಾಗ ಹುಟ್ಟಿದ ಐದು ರಾಜ್ಯಗಳಲ್ಲಿ ಬಿಜಾಪುರವೂ ಒಂದು. ಹೊಸದಾಗಿ ಸಿಂಹಾಸನ ಮಾಡಿಕೊಂಡವನಿಗೆ ಮೊದಲು ಬೇಕಾದದ್ದು, ‘ಹೌದು, ನೀನೂ ದೊರೆ’ ಎಂದು ಹೇಳುವ ಇನ್ನೊಬ್ಬ ದೊರೆ. ಹತ್ತಿರದವರು ಹಾಗೆ ಹೇಳುವುದಿಲ್ಲ. ಅವರಿಗೆ ಇವನ ಹಳೆಯ ಚಾಕರಿ ಗೊತ್ತಿರುತ್ತದೆ. ದೂರದವರೇ ಹೇಳಬೇಕು.

ಆ ದೂರದವನು ಇರಾನಿನ ಸಫವಿ ದೊರೆ ಶಾಹ ಇಸ್ಮಾಯಿಲ್. ಅವನ ರಾಯಭಾರಿಯೊಬ್ಬನನ್ನು ಬೀದರಿನಲ್ಲಿ ಅಮೀರ್ ಬರೀದ್ ತಡೆದಿಟ್ಟುಕೊಂಡಿದ್ದ. ಬಿಜಾಪುರದ ಇಸ್ಮಾಯಿಲ್ ಆದಿಲ್, ಅಂದರೆ ಯೂಸುಫನ ಮಗ, ಮಧ್ಯೆ ಬಂದು ಅವನನ್ನು ಬಿಡಿಸಿ ದಾಭೋಳ ಬಂದರಿನಿಂದ ಊರಿಗೆ ಕಳಿಸಿದ. ಆ ಉಪಕಾರಕ್ಕೆ ಪ್ರತಿಯಾಗಿ 1519ರಲ್ಲಿ ಇಬ್ರಾಹೀಂ ಬೇಗ್ ತುರ್ಕಮಾನ್ ಎಂಬವನು ರತ್ನದ ಕತ್ತಿ ಮತ್ತು ಪತ್ರ ಹಿಡಿದು ಬಂದ. ಪತ್ರದಲ್ಲಿ ಇವನನ್ನು ‘ಶಾಹ’ ಎಂದು ಸಂಬೋಧಿಸಿತ್ತು. ಇಸ್ಮಾಯಿಲ್‌ಗೆ ಆದ ಸಂತೋಷವನ್ನು ಫಿರಿಶ್ತಾ ವಿವರವಾಗಿ ಬರೆಯುತ್ತಾನೆ. ರಾಯಭಾರಿಯನ್ನು ಎದುರುಗೊಳ್ಳಲು ಅವನು ಅಲ್ಲಾಪುರದವರೆಗೆ ಹೋದ, ನಗಾರಿ ಬಾರಿಸಿದರು. ಸೈನ್ಯವೆಲ್ಲ ಸಫವಿಗಳಂತೆ ಹನ್ನೆರಡು ಮೊನೆಯ ಕೆಂಪು ಟೊಪ್ಪಿಗೆ ಹಾಕಬೇಕೆಂದು ಹುಕುಂ ಆಯಿತು. ಶುಕ್ರವಾರದ ಖುತ್ಬಾದಲ್ಲಿ ಇರಾನಿನ ರಾಜಮನೆತನದ ಹೆಸರು ಓದತೊಡಗಿದರು.

ಇದನ್ನು ಓದಿ, ನೋಡಿ ಮುಸಲ್ಮಾನ ದೊರೆಗಳ ಅಣ್ಣತಮ್ಮಂದಿರ ಪ್ರೀತಿ ಎಂದು ಯಾರಾದರೂ ಉಬ್ಬಿದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1510ರಲ್ಲಿ ಅಲ್ಬುಕರ್ಕ್ ಬಿಜಾಪುರದವರಿಂದ ಗೋವಾ ಕಸಿದುಕೊಂಡಾಗ ಅಲ್ಲಿ ಇದೇ ಶಾಹ ಇಸ್ಮಾಯಿಲನ ರಾಯಭಾರಿಯೊಬ್ಬನಿದ್ದ. ಬಂದದ್ದು ಬಿಜಾಪುರದ ಅರಸನನ್ನು ಕಾಣಲು. ಅಲ್ಬುಕರ್ಕ್ ಅವನೊಂದಿಗೆ ಮಾತಾಡಿ, ಇರಾನಿಗೆ ತನ್ನದೇ ದೂತನನ್ನು ಕಳಿಸಲು ಹೊರಟ. ಆ ದೂತ ರುಯ್ ಗೋಮೆಸ್ ಹೊರ್ಮುಜಿನಲ್ಲಿ ಸತ್ತ. ಆದರೂ ಪೋರ್ಚುಗೀಸರ ಮತ್ತು ಸಫವಿಗಳ ನಡುವೆ ದೂತರ ಓಡಾಟ ನಿಲ್ಲಲಿಲ್ಲ. ಇಬ್ಬರಿಗೂ ತುರ್ಕಿಯ ಉಸ್ಮಾನಿಗಳು ವೈರಿಗಳು. ಗೋವಾ ಕಳೆದುಕೊಂಡ ಬಿಜಾಪುರಕ್ಕೂ ಗೋವಾ ಗೆದ್ದವರಿಗೂ ಇರಾನ್ ಏಕಕಾಲಕ್ಕೆ ಬೇಕಾದದ್ದೇ ಆಗಿತ್ತು.

ಟೊಪ್ಪಿಗೆಯೂ ಬಹಳ ದಿನ ಉಳಿಯಲಿಲ್ಲ. 1534ರಲ್ಲಿ ಪಟ್ಟಕ್ಕೆ ಬಂದ ಮೊದಲನೆಯ ಇಬ್ರಾಹೀಂ ಸುನ್ನಿ ಪಂಥ ಹಿಡಿದು ಅದನ್ನು ತೆಗೆಸಿಹಾಕಿದ. ಇರಾನಿನ ಕಡೆಯ ಎಷ್ಟೋ ಸರದಾರರನ್ನು ಬಿಡಿಸಿ, ದಖ್ಖನಿಗಳನ್ನೂ ಹಬ್ಶಿಗಳನ್ನೂ ಇಟ್ಟುಕೊಂಡ. ಲೆಕ್ಕಪತ್ರದಿಂದ ಪಾರ್ಸಿ ಹೋಗಿ ಸ್ಥಳೀಯ ಭಾಷೆ ಬಂತು, ಬ್ರಾಹ್ಮಣ ಕಾರಕೂನರು ಬಂದರು. ಅವನ ಮಗ ಮೊದಲನೆಯ ಅಲಿ ಮತ್ತೆ ಶಿಯಾ. ಮೊಮ್ಮಗನ ಕಾಲಕ್ಕೆ ಮತ್ತೆ ಸುನ್ನಿ.

ಈ ಅಲಿಯ ಒಂದು ರಾಯಭಾರ ನನಗೆ ತಾಳಿಕೋಟೆಗಿಂತ ಹೆಚ್ಚು ಕಾಡುತ್ತದೆ. 1558ರ ಸುಮಾರಿನಲ್ಲಿ, ಪಟ್ಟಕ್ಕೆ ಬಂದ ಹೊಸದರಲ್ಲಿ, ವಿಜಯನಗರದ ರಾಮರಾಯನ ಮಗ ತೀರಿಕೊಂಡ ಸುದ್ದಿ ಬಂತು. ಅಲಿ ದೂತರನ್ನು ಕಳಿಸಲಿಲ್ಲ. ಕೆಲವೇ ಕುದುರೆ ಸವಾರರನ್ನು ಕಟ್ಟಿಕೊಂಡು ತಾನೇ ಸಾವಿನ ಮನೆಗೆ ಹೋದ. ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳು. ದುಃಖದ ಬಟ್ಟೆ ತೆಗೆಸಿ ಹೊಸದನ್ನು ಕೊಟ್ಟ, ಎರಡೂ ರಾಜ್ಯ ಕೂಡಿ ಅಹಮದನಗರದ ವಿರುದ್ಧ ಹೋಗುವ ಮಾತಾಯಿತು. ಆದರೆ ಹೊರಡುವಾಗ ರಾಮರಾಯ ಊರ ಹೊರಗಿನವರೆಗೆ ಬಂದು ಬೀಳ್ಕೊಡಲಿಲ್ಲ. ಅಲಿ ಅದನ್ನು ಮನಸ್ಸಿನಲ್ಲಿಟ್ಟುಕೊಂಡ ಎನ್ನುತ್ತಾನೆ ಫಿರಿಶ್ತಾ. 1565ರ ಕಾಳಗಕ್ಕೆ ಇದೊಂದೇ ಕಾರಣವಲ್ಲ, ಖಂಡಿತ ಅಲ್ಲ. ಆದರೂ ನಮ್ಮ ಕಡೆ ಬೀಗರು ಬಾಗಿಲತನಕ ಬಂದು ಕಳಿಸಲಿಲ್ಲ ಎಂದು ಹತ್ತು ವರ್ಷ ಮಾತು ಬಿಟ್ಟವರನ್ನು ಕಂಡವರಿಗೆ ಈ ಕಥೆ ಸುಳ್ಳೆನಿಸುವುದಿಲ್ಲ.

ಅದೇ ಅಲಿ 1570ರ ಕೊನೆಯಲ್ಲಿ ಗೋವಾಕ್ಕೆ ಮುತ್ತಿಗೆ ಹಾಕಿ, ತಿಂಗಳುಗಟ್ಟಲೆ ಹೆಣಗಿ, 1571ರಲ್ಲಿ ಪೋರ್ಚುಗೀಸರೊಡನೆ ಒಪ್ಪಂದ ಮಾಡಿಕೊಂಡ. ಸಮುದ್ರದಲ್ಲಿ ಹಡಗು ಹೋಗಬೇಕಾದರೆ ಪೋರ್ಚುಗೀಸರ ‘ಕರ್ತಾಜ್’ ಎಂಬ ರಹದಾರಿ ಬೇಕು. ಹಜ್ಜಿಗೆ ಹೋಗುವ ಹಡಗಿಗೂ ಬೇಕು. ಮಕ್ಕಾದ ದಾರಿಯ ಪರವಾನಗಿ ಗೋವಾದ ಕ್ರೈಸ್ತ ಅಧಿಕಾರಿಯ ಕೈಯಲ್ಲಿದ್ದಾಗ, ಅವನ ಬಳಿಗೆ ದೂತರನ್ನು ಕಳಿಸದೆ ಬಿಜಾಪುರ ಏನು ಮಾಡೀತು?

ಅಲಿ 1580ರಲ್ಲಿ ತೀರಿಕೊಂಡ. ಪಟ್ಟಕ್ಕೆ ಬಂದ ಎರಡನೆಯ ಇಬ್ರಾಹೀಂಗೆ ಆಗ ಒಂಬತ್ತು ವರ್ಷ. 1582ರಿಂದ 1590ರವರೆಗೆ ರಾಜ್ಯದ ಕಾರುಭಾರ ದಿಲಾವರ್ ಖಾನ್ ಎಂಬ ಹಬ್ಶಿಯ ಕೈಯಲ್ಲಿತ್ತು. ಆಫ್ರಿಕದಿಂದ ಗುಲಾಮರಾಗಿ ಸಾಗಿಬಂದವರ ಕುಲದ ಮನುಷ್ಯನೊಬ್ಬ ಬಿಜಾಪುರದ ಹೊರನಾಡ ಸಂಬಂಧಗಳನ್ನು ನಡೆಸಿದ. ಗೋಲ್ಕೊಂಡಕ್ಕೆ ಹೆಣ್ಣು ಕೇಳಲು ದೂತರನ್ನು ಕಳಿಸಿ, 1587ರಲ್ಲಿ ಮುಹಮ್ಮದ್ ಕುಲಿ ಕುತುಬಶಾಹನ ತಂಗಿಯನ್ನು ಇಬ್ರಾಹೀಂಗೆ ತಂದದ್ದು ಅವನ ಕಾರುಭಾರದಲ್ಲೇ. ಹಲ್ಯಾಳ, ಯಲ್ಲಾಪುರದ ಕಾಡಂಚಿನಲ್ಲಿರುವ ನಮ್ಮ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಅವರ ಹಿರಿಯರಲ್ಲಿ ಬಹಳ ಜನ ಬಂದದ್ದು ಗೋವಾದ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು. ಒಂದೇ ಆಫ್ರಿಕದಿಂದ ಬಂದವರು ಒಂದು ಕಡೆ ಕಾಡು ಸೇರಿದರು, ಇನ್ನೊಂದು ಕಡೆ ದರ್ಬಾರು ಏರಿದರು.

ಇಬ್ರಾಹೀಂ ದೊಡ್ಡವನಾದ. ವೀಣೆ, ಹಾಡು, ಆನೆ ಇವು ಮೂರರ ಹುಚ್ಚು ಅವನಿಗೆ. ಸರಸ್ವತಿಯನ್ನೂ ಗಣಪತಿಯನ್ನೂ ನೆನೆದು ‘ಕಿತಾಬೆ ನೌರಸ್’ ಬರೆದ, ಜಗದ್ಗುರು ಎನಿಸಿಕೊಂಡ. ಆದರೆ ಉತ್ತರದಿಂದ ಅಕ್ಬರನ ಸೈನ್ಯ ಇಳಿದುಬರುತ್ತಿತ್ತು. 1600ರಲ್ಲಿ ಅಹಮದನಗರದ ಕೋಟೆ ಬಿತ್ತು. ಮುಂದಿನ ಬಾಗಿಲು ಬಿಜಾಪುರದ್ದೇ. ಆಗ ನಡೆದದ್ದು ಹೆಣ್ಣು ಕೊಡುವ ಮಾತು: ಇಬ್ರಾಹೀಂನ ಮಗಳು ಬೇಗಂ ಸುಲ್ತಾನಳನ್ನು ಅಕ್ಬರನ ಮಗ ದಾನಿಯಾಲ್‌ನಿಗೆ ಕೊಡಬೇಕು.

ಮದುವೆ ಗೊತ್ತು ಮಾಡಲು ಅಕ್ಬರ್ ಕಳಿಸಿದ್ದು ಮೀರ್ ಜಮಾಲುದ್ದೀನ್ ಹುಸೇನ್ ಇಂಜು ಎಂಬ ವಿದ್ವಾಂಸನನ್ನು. ಮುಂದೆ ‘ಫರ್ಹಂಗೆ ಜಹಾಂಗೀರಿ’ ಎಂಬ ದೊಡ್ಡ ಪಾರ್ಸಿ ನಿಘಂಟು ಮಾಡಿದವನು ಇವನೇ. ಬಿಜಾಪುರಕ್ಕೆ ಬಂದವನು ಇಲ್ಲಿನ ಮರ್ಯಾದೆ, ಹಣ, ಊಟಕ್ಕೆ ಒಗ್ಗಿಕೊಂಡು ಕೂತುಬಿಟ್ಟ. ಇಬ್ರಾಹೀಂಗೂ ಅದೇ ಬೇಕಾಗಿತ್ತು. ರಾಯಭಾರಿ ಇಲ್ಲಿ ಉಣ್ಣುತ್ತ ಕೂತಷ್ಟು ದಿನ ಮಗಳನ್ನು ಕಳಿಸುವುದು ತಪ್ಪುತ್ತದೆ, ಯುದ್ಧವೂ ತಪ್ಪುತ್ತದೆ. ಕಡೆಗೆ ಅಕ್ಬರ್ ಸಿಟ್ಟಾಗಿ, ಇವನನ್ನೂ ಮದುಮಗಳನ್ನೂ ಹೊರಡಿಸಿಕೊಂಡು ಬಾ ಎಂದು ಅಸದ್ ಬೇಗ್ ಎಂಬವನನ್ನು 1603ರಲ್ಲಿ ಅಟ್ಟಿದ.

ಅಸದ್ ಬೇಗ್ ಬರೆದಿಟ್ಟ ನೆನಪುಗಳು ಸಿಕ್ಕಿರುವುದು ನಮ್ಮ ಪುಣ್ಯ. ಆಗ್ರಾ ಕಂಡವನು ಬಿಜಾಪುರದ ಪೇಟೆ ನೋಡಿ ಬೆರಗಾದ. ಅಗಲವಾದ ಉದ್ದನೆಯ ಬೀದಿ, ಪ್ರತಿ ಅಂಗಡಿಯ ಮುಂದೆ ಹಸಿರು ಮರ, ಒಂದು ಕಡೆ ಒಡವೆ, ಒಂದು ಕಡೆ ಆಯುಧ, ಬಟ್ಟೆ, ಅತ್ತರು, ಮದ್ಯ, ಹಾಡುವವರು, ಕುಣಿಯುವವರು. ಸುಲ್ತಾನನನ್ನು ರಾತ್ರಿ ಹೊತ್ತು ಕಂಡ. ಅವನು ಹಾಡು ಕೇಳುವುದರಲ್ಲಿ ಮುಳುಗಿದ್ದ, ರಾಯಭಾರಿಯ ಮಾತಿಗೆ ಅರೆಬರೆ ಕಿವಿಗೊಟ್ಟ. ಪಾರ್ಸಿ ಅರ್ಥವಾದರೂ ಆಡಲು ತಡವರಿಸುತ್ತಾನೆ, ತನ್ನವರ ಜೊತೆ ಮರಾಠಿಯಲ್ಲಿ ಮಾತಾಡುತ್ತಾನೆ ಎಂದು ಅಸದ್ ಬೇಗ್ ಗಮನಿಸಿದ. ತುರ್ಕಿಯ ರಾಜಕುಮಾರನ ವಂಶ ಎಂದು ನಮ್ಮ ಮೇಷ್ಟ್ರು ಹೇಳಿದ್ದರಲ್ಲ, ಆ ವಂಶದವನಿಗೆ ನಾಲ್ಕನೆಯ ತಲೆಮಾರು ಕಳೆಯುವಷ್ಟರಲ್ಲಿ ಪಾರ್ಸಿ ನಾಲಗೆ ಮೇಲೆ ನಿಲ್ಲುತ್ತಿರಲಿಲ್ಲ. ರಾಜಕಾರಣ ಬಿಟ್ಟು ಇಬ್ರಾಹೀಂ ಕೇಳಿದ ಪ್ರಶ್ನೆಯೂ ಚೆನ್ನಾಗಿದೆ: ತಾನಸೇನ ಅಕ್ಬರನ ಮುಂದೆ ನಿಂತು ಹಾಡುತ್ತಿದ್ದನೇ, ಕೂತು ಹಾಡುತ್ತಿದ್ದನೇ? ದರ್ಬಾರಿನಲ್ಲಿ ನಿಂತು, ರಾತ್ರಿಯ ಬೈಠಕ್ಕಿನಲ್ಲಿ ಕೂರಲು ಅಪ್ಪಣೆ ಇತ್ತು ಎಂದು ಇವನು ಉತ್ತರಿಸಿದ. ಹಾಡುವವನನ್ನು ನಿಲ್ಲಿಸಿ ಹಾಡಿಸುವುದು ಇಬ್ರಾಹೀಂಗೆ ಹಿಡಿಸಿದಂತಿಲ್ಲ.

ಅಸದ್ ಬೇಗ್ ಹೋಗುವಾಗ ಒಯ್ದ ಉಡುಗೊರೆಗಳಲ್ಲಿ ಒಂದು ತಂಬಾಕು. ಉತ್ತರದಲ್ಲಿ ಅಂಥದ್ದನ್ನು ಅವನು ಕಂಡಿರಲಿಲ್ಲ. ರತ್ನ ಕೂರಿಸಿದ ಉದ್ದನೆಯ ಕೊಳವೆ, ಯೆಮನಿನ ಅಕೀಕ್ ಕಲ್ಲಿನ ಬಾಯಿ, ತಂಬಾಕು ತುಂಬಲು ಆದಿಲಶಾಹ ಕೊಟ್ಟ ಎಲೆಯಡಿಕೆಯ ಸಂಚಿ, ಇವನ್ನೆಲ್ಲ ಬೆಳ್ಳಿಯ ತಟ್ಟೆಯಲ್ಲಿಟ್ಟು ಆಗ್ರಾದಲ್ಲಿ ಅಕ್ಬರನ ಮುಂದಿಟ್ಟ. ಬಾದಶಾಹ ಒಂದೆರಡು ದಮ್ಮು ಎಳೆದ. ಹಕೀಮ ಬೇಡವೆಂದು ತಡೆದ. ಪರೀಕ್ಷೆ ಮಾಡದ ವಸ್ತು, ನಮ್ಮ ಗ್ರಂಥಗಳಲ್ಲಿ ಇದರ ಹೆಸರಿಲ್ಲ ಎಂಬುದು ಅವನ ವಾದ. ಲೋಕದ ಯಾವ ಪದ್ಧತಿ ತಾನೇ ಒಂದು ದಿನ ಹೊಸದಾಗಿರಲಿಲ್ಲ ಎಂಬುದು ಅಸದ್ ಬೇಗನ ವಾದ. ಅಕ್ಬರನಿಗೆ ಈ ಮಾತು ಮೆಚ್ಚಿಗೆಯಾಯಿತು, ಆದರೆ ಚಟ ಹತ್ತಲಿಲ್ಲ. ಅಮೀರರಿಗೆ ಹತ್ತಿತು. ದಕ್ಷಿಣ ಅಮೆರಿಕದ ಎಲೆ ಮೊಘಲ್ ದರ್ಬಾರಿಗೆ ಹೋದದ್ದು ಹೀಗೆ, ಬಿಜಾಪುರದ ಉಡುಗೊರೆಯಾಗಿ. ಇದು ಹೆಮ್ಮೆಪಡುವ ಸಂಗತಿಯೇನಲ್ಲ. ನಮ್ಮ ಎಷ್ಟು ಹಿರಿಯರ ಗಂಟಲು ಇದರಿಂದ ಹೋಯಿತೋ. ಜಹಾಂಗೀರ 1617ರಲ್ಲಿ ತಂಬಾಕನ್ನು ನಿಷೇಧಿಸಿದ. ಇರಾನಿನ ಶಾಹ ಅಬ್ಬಾಸನೂ ನಿಷೇಧಿಸಿದ್ದ. ತಮಾಷೆಯೆಂದರೆ, ಆ ಹೊತ್ತಿಗೆ ಇರಾನಿನಲ್ಲಿದ್ದ ಮೊಘಲ್ ರಾಯಭಾರಿ ಖಾನ್ ಆಲಂ ತಂಬಾಕಿಲ್ಲದೆ ಗಳಿಗೆ ಇರಲಾರ. ಶಾಹ ಅಬ್ಬಾಸ್ ಅವನೊಬ್ಬನಿಗೆ ವಿನಾಯಿತಿ ಕೊಟ್ಟ.

ಮದುಮಗಳ ದಿಬ್ಬಣ 1604ರಲ್ಲಿ ಹೊರಟಿತು. ಜೊತೆಯಲ್ಲಿ ಹೋದವರಲ್ಲಿ ಫಿರಿಶ್ತಾನೂ ಇದ್ದ. ಇತಿಹಾಸ ಬರೆಯುತ್ತಿದ್ದವನೇ ಹೆಣ್ಣಿನ ಕಡೆಯವನಾಗಿ ಹೋದ. ಗೋದಾವರಿಯ ದಂಡೆಯ ಪೈಠಣದಲ್ಲಿ ಮದುವೆ. ಮರುವರ್ಷವೇ ದಾನಿಯಾಲ್ ಕುಡಿದು ಕುಡಿದು ಸತ್ತ. ಅದೇ ವರ್ಷ ಅಕ್ಬರನೂ ಹೋದ. ಆ ಹುಡುಗಿಯನ್ನು ಯಾರಾದರೂ ಒಂದು ಮಾತು ಕೇಳಿದ್ದರೇ? ಕಥೆ ಬರೆಯುವವನಿಗೆ ಈ ಪ್ರಶ್ನೆ ಬರುತ್ತದೆ. ರಾಜತಾಂತ್ರಿಕತೆ ಎಂಬ ದೊಡ್ಡ ಶಬ್ದದ ಕೆಳಗೆ ಎಷ್ಟೋ ಸಲ ಹೀಗೆ ಒಂದು ಪಲ್ಲಕ್ಕಿ ಇರುತ್ತದೆ.

ಹೆಣ್ಣು ಕೊಟ್ಟ ನಂಟು ಒಂದೇ ವರ್ಷಕ್ಕೆ ಕಡಿದುಹೋದ ಮೇಲೆ ಇಬ್ರಾಹೀಂ ಮತ್ತೆ ಸಮುದ್ರದಾಚೆ ನೋಡಿದ. 1610ರ ದಶಕದಲ್ಲಿ ಶಾಹ ಅಬ್ಬಾಸನಿಗೆ ಅವನು ಬರೆಸಿದ ಪತ್ರದ ಸಾರಾಂಶ ಇಷ್ಟು: ಇರಾಕ್, ಫಾರ್ಸ್, ಖುರಾಸಾನ್ ಹೇಗೋ ದಖ್ಖನ್ನೂ ಹಾಗೆ ತಮ್ಮ ರಾಜ್ಯದ ಒಂದು ಭಾಗ, ನಮ್ಮ ಹಿರಿಯರನ್ನು ಇಲ್ಲಿ ನೇಮಿಸಿದವರು ತಮ್ಮ ಹಿರಿಯರು, ನಮ್ಮ ಖುತ್ಬಾದಲ್ಲಿ ತಮ್ಮ ಮನೆತನದ ಹೆಸರೇ ಓದುತ್ತೇವೆ, ಈಗ ಹೊರಗಿನವರು ಮೇಲೆ ಬಿದ್ದಿದ್ದಾರೆ. ಇಲ್ಲಿ ‘ಹೊರಗಿನವರು’ ಎಂದರೆ ದಿಲ್ಲಿ-ಆಗ್ರಾದ ಮೊಘಲರು. ಬಸ್ಸಿನ ಹಿರಿಯರ ಶಬ್ದವನ್ನೇ ಬಿಜಾಪುರದ ಸುಲ್ತಾನ ತನ್ನಂತೆಯೇ ಸುನ್ನಿಯಾದ, ಮೊನ್ನೆ ಹೆಣ್ಣು ಕೊಟ್ಟ ಮನೆಯವರ ಮೇಲೆ ಬಳಸುತ್ತಿದ್ದಾನೆ. ಬಳಸುತ್ತಿರುವುದು ಶಿಯಾ ದೊರೆಯೊಬ್ಬನ ಮುಂದೆ.

ಇದೆಲ್ಲ ನಿಜವೇ? ದಖ್ಖನ್ ಇರಾನಿನ ಭಾಗವೂ ಅಲ್ಲ, ಆದಿಲಶಾಹಿಗಳನ್ನು ನೇಮಿಸಿದವರು ಸಫವಿಗಳೂ ಅಲ್ಲ. ಬರೆದವನಿಗೂ ಓದಿದವನಿಗೂ ಅದು ಗೊತ್ತಿತ್ತು. ದೂರದ ದೊರೆಗೆ ತಾನು ನಿನ್ನ ಅಧೀನ ಎಂದರೆ ಅವನೇನು ಬಂದು ಕಂದಾಯ ಎತ್ತುವುದಿಲ್ಲ. ಹತ್ತಿರದವನಿಗೆ ಹಾಗೆಂದರೆ ನಾಳೆಯೇ ಎತ್ತುತ್ತಾನೆ.

ಶಾಹ ಅಬ್ಬಾಸನ ಆಸ್ಥಾನಕ್ಕೆ ಇಬ್ರಾಹೀಂ ಕಳಿಸಿದ್ದು ಸರದಾರನನ್ನಲ್ಲ, ಮೀರ್ ಖಲೀಲುಲ್ಲಾ ಎಂಬ ಸುಂದರ ಬರಹಗಾರನನ್ನು. ‘ಕಿತಾಬೆ ನೌರಸ್’ನ ಪ್ರತಿಯನ್ನು ಬರೆದುಕೊಟ್ಟದ್ದಕ್ಕೆ ಇಬ್ರಾಹೀಂ ಅವನಿಗೆ ‘ಪಾದಶಾಹೆ ಕಲಂ’, ಲೇಖನಿಯ ಬಾದಶಾಹ, ಎಂಬ ಬಿರುದು ಕೊಟ್ಟ. ಉರ್ದು ಶಾಲೆಯಲ್ಲಿ ತಖ್ತಿಯ ಮೇಲೆ ಬಿದಿರಿನ ಲೇಖನಿಯಿಂದ ಅಲಿಫ್ ಬೇ ತಿದ್ದಿ ಕೈಗೆ ಏಟು ತಿಂದ ನನಗೆ, ಅಕ್ಷರ ಚೆನ್ನಾಗಿದ್ದವನು ದೇಶದ ಪರವಾಗಿ ಮಾತಾಡಲು ಹೋದ ಎಂಬುದು ಬಹಳ ಹಿಡಿಸುತ್ತದೆ. ಅಬ್ಬಾಸನೂ ತನ್ನ ದೂತರನ್ನು ದಖ್ಖನಿಗೆ ಕಳಿಸಿದ. ದಖ್ಖನಿನವರ ಮೇಲೆ ದಯೆ ಇರಲಿ ಎಂದು ಜಹಾಂಗೀರನಿಗೆ ಬರೆದ. ಸೈನ್ಯ ಮಾತ್ರ ಕಳಿಸಲಿಲ್ಲ.

ಹಾಗಾಗಿ ಮೊಘಲರೊಡನೆ ರಾಜಿ ಅನಿವಾರ್ಯವಾಯಿತು. 1617ರಲ್ಲಿ ಬಿಜಾಪುರ ಪೇಶ್‌ಕಶ್ ಸಲ್ಲಿಸಿತು. ಜಹಾಂಗೀರ ಇಬ್ರಾಹೀಂಗೆ ‘ಫರ್ಜಂದ್’, ಅಂದರೆ ಮಗ, ಎಂಬ ಬಿರುದು ಕೊಟ್ಟ. ಅಲಿಯನ್ನು ರಾಮರಾಯನ ಹೆಂಡತಿ ಮಗನೆಂದದ್ದು ನೆನಪಾಗುತ್ತದೆ. ಆದರೆ ಮೊಘಲರು ಒಂದು ಶಬ್ದವನ್ನು ಬಿಗಿಯಾಗಿ ಹಿಡಿದಿದ್ದರು. ಅವರ ಕಾಗದಪತ್ರದಲ್ಲಿ ಬಿಜಾಪುರದ ಅರಸ ಎಂದೂ ‘ಆದಿಲ್ ಶಾಹ’ ಅಲ್ಲ, ‘ಆದಿಲ್ ಖಾನ್’. ಖಾನ್ ಎಂದರೆ ಸರದಾರ. ಇರಾನ್ 1519ರಲ್ಲಿ ಕೊಟ್ಟದ್ದನ್ನು ಆಗ್ರಾ ಒಪ್ಪಲಿಲ್ಲ.

ಮುಂದಿನದು ಇನ್ನೂ ವಿಚಿತ್ರ. ಅಹಮದನಗರದ ಉಳಿದ ರಾಜ್ಯವನ್ನು ಎತ್ತಿ ಹಿಡಿದಿದ್ದವನು ಮಲಿಕ್ ಅಂಬರ್. ಇಥಿಯೋಪಿಯಾದಲ್ಲಿ ಹುಟ್ಟಿ, ಬಾಗ್ದಾದಿನಲ್ಲಿ ಮಾರಾಟವಾಗಿ, ದಖ್ಖನಿಗೆ ಬಂದು, ಒಂದಷ್ಟು ಕಾಲ ಬಿಜಾಪುರದ ಚಾಕರಿಯನ್ನೂ ಮಾಡಿದ್ದವನು. ಮೊಘಲರನ್ನು ದಕ್ಷಿಣಕ್ಕೆ ಇಳಿಯಲು ಬಿಡದೆ ಇಪ್ಪತ್ತು ವರ್ಷ ತಡೆದ. ಅವನು ನಿಂತದ್ದರಿಂದಲೇ ಬಿಜಾಪುರವೂ ಉಳಿದಿತ್ತು. ಆದರೆ 1624ರಲ್ಲಿ ಬಿಜಾಪುರ ಮೊಘಲರ ಜೊತೆ ಸೇರಿ ಅವನ ಮೇಲೆ ಹೋಯಿತು. ಭಾತವಡಿಯಲ್ಲಿ ಅಂಬರ್ ಇಬ್ಬರನ್ನೂ ಸೋಲಿಸಿದ. ಬಿಜಾಪುರದ ದಂಡನಾಯಕ ಮುಲ್ಲಾ ಮುಹಮ್ಮದ್ ಲಾರಿ ಅಲ್ಲೇ ಬಿದ್ದ. ಗೆದ್ದ ಅಂಬರ್ ನೇರವಾಗಿ ಬಿಜಾಪುರಕ್ಕೆ ಬಂದು ನವರಸಪುರವನ್ನು ಸೂರೆಮಾಡಿ ಸುಟ್ಟ. ತೊರವಿಯ ಹತ್ತಿರ ಬಸ್ಸಿನಿಂದ ಕಾಣುವ ಆ ‘ಹಳೇ ಗ್ವಾಡಿ’ಯನ್ನು ಪಾಳುಗೆಡವಿದವನು ಹಿಂದೂವೂ ಅಲ್ಲ, ಮೊಘಲನೂ ಅಲ್ಲ, ಬಿಜಾಪುರದ ಅನ್ನ ಉಂಡಿದ್ದ ಒಬ್ಬ ಆಫ್ರಿಕನ್ ಮುಸಲ್ಮಾನ. ತಪ್ಪು ಯಾರದು ಎಂದು ಕೇಳಿದರೆ, ನನ್ನ ಮಟ್ಟಿಗೆ ಬಿಜಾಪುರದ್ದೇ. ಬೇಲಿಯಾಗಿ ನಿಂತವನನ್ನು ಕಡಿಯಲು ಹೋಗಿದ್ದರು.

ಇಬ್ರಾಹೀಂ 1627ರಲ್ಲಿ ತೀರಿಕೊಂಡ. ಗೋಲಗುಮ್ಮಟದ ಮುಹಮ್ಮದ್ ಆದಿಲಶಾಹನ ಕಾಲಕ್ಕೆ 1636ರಲ್ಲಿ ಶಹಾಜಹಾನನೊಡನೆ ಒಪ್ಪಂದವಾಯಿತು, 20 ಲಕ್ಷ ರೂಪಾಯಿ ಕಪ್ಪ. ಮರುವರ್ಷ ಡಚ್ಚರ ರಾಯಭಾರಿ ಯೋಹಾನ್ ಫಾನ್ ಟ್ವಿಸ್ಟ್ ಬಿಜಾಪುರಕ್ಕೆ ಬಂದು, ಪೋರ್ಚುಗೀಸರ ಎದುರಾಳಿಗಳಾಗಿ ವೆಂಗುರ್ಲೆಯಲ್ಲಿ ಕೋಠಿ ಹಾಕಲು ಅಪ್ಪಣೆ ಪಡೆದ. ಉತ್ತರದಲ್ಲಿ ಬಾಗಿದವರು ಪಶ್ಚಿಮದ ಕಡಲಲ್ಲಿ ಹೊಸ ಗೆಳೆಯರನ್ನು ಹುಡುಕಿಕೊಂಡಿದ್ದರು. ಉತ್ತರದಿಂದ ಸಿಕ್ಕ ಬಿಡುವಿನಲ್ಲಿ ಸೈನ್ಯ ತೆಂಕಣಕ್ಕೆ ತಿರುಗಿತು. ಬೆಂಗಳೂರು, ಶಿರಾದವರೆಗೆ ರಾಜ್ಯ ಬೆಳೆಯಿತು.

1648ರಲ್ಲಿ ಶಹಾಜಹಾನ ಕಡೆಗೂ ಮುಹಮ್ಮದನಿಗೆ ‘ಶಾಹ’ ಎಂಬ ಪದವಿ ಕೊಟ್ಟ. ಇರಾನಿನಿಂದ ಆ ಎರಡು ಅಕ್ಷರ ಬಂದು 129 ವರ್ಷವಾಗಿತ್ತು. 1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನ ಮುತ್ತಿಗೆಗೆ ಕೋಟೆ ಮಣಿದಾಗ ಕೊನೆಯ ಸುಲ್ತಾನ ಸಿಕಂದರನಿಗೆ ಹದಿನೆಂಟರ ಪ್ರಾಯ. ಬಾದಶಾಹ ಅವನನ್ನು ತನ್ನ ಅಮೀರರ ಸಾಲಿಗೆ ಸೇರಿಸಿ, ವರ್ಷಕ್ಕೆ ಒಂದು ಲಕ್ಷ ರೂಪಾಯಿ ಗೊತ್ತು ಮಾಡಿ, ಒಂದು ಪದವಿಯನ್ನೂ ಕೊಟ್ಟ. ಆ ಪದವಿ ‘ಖಾನ್’.